ಓಡಿಸೋದನ್ನ ಎಲ್ಲರೂ ಕಲಿಸ್ತಾರೆ, ನಿಲ್ಲಿಸೋದನ್ನ ಯಾರು ಕಲಿಸ್ತಾರೆ?

ನಮ್ಮ ಬಳಗದಲ್ಲಿ ಹಾವೇರಿ ಕಡೆಯವರಿದ್ದೇವೆ, ಮಂಡ್ಯ ಕಡೆಯವರಿದ್ದೇವೆ, ಮಲೆನಾಡಿನವರೂ ಇದ್ದೇವೆ. ಮಾತಿನ ಧಾಟಿ ಬೇರೆ, ಊಟದ ತಟ್ಟೆ ಬೇರೆ. ಆದರೆ ಬೈಕ್ ಕಲಿತದ್ದು ಹೇಗೆ ಅಂತ ಒಂದು ದಿನ ಕೂತು ಮಾತಾಡಿದಾಗ ಎಲ್ಲರ ಕತೆಯೂ ಒಂದೇ ಆಗಿತ್ತು.

ಅಪ್ಪನದೋ ಚಿಕ್ಕಪ್ಪನದೋ ಹಳೇ ಬೈಕು. ಶಾಲೆ ಹಿಂದಿನ ಬಯಲು, ಇಲ್ಲವೇ ಕೆರೆ ಏರಿ. ಹಿಂದೆ ಕೂತ ಅಣ್ಣನೋ ಮಾವನೋ ಕಿವಿಯ ಹತ್ತಿರ ಕೂಗುತ್ತಿರುತ್ತಾನೆ. 'ಕ್ಲಚ್ ನಿಧಾನಕ್ಕೆ ಬಿಡು. ರೇಸ್ ಕೊಡು. ಇನ್ನೂ ಕೊಡು. ಹ್ಞಾ, ಈಗ ಗೇರ್ ಹಾಕು.' ಬೈಕು ಎರಡು ಸಲ ಎಗರಿ, ಒಂದು ಸಲ ಆಫ್ ಆಗಿ, ಆಮೇಲೆ ಓಡುತ್ತದೆ. ಸಂಜೆ ಹೊತ್ತಿಗೆ ಮನೆಯಲ್ಲಿ ಸುದ್ದಿ: ಹುಡುಗ ಬೈಕ್ ಕಲಿತ.

ಆ ಇಡೀ ಪಾಠದಲ್ಲಿ ಬ್ರೇಕಿನ ಬಗ್ಗೆ ನಮಗೆ ಸಿಕ್ಕಿದ್ದು ಒಂದೇ ಮಾತು. 'ಮುಂದಿನ ಬ್ರೇಕ್ ಮುಟ್ಟಬೇಡ, ಮಗುಚಿ ಬೀಳ್ತೀಯ.'

ಈ ಲೇಖನ ಆ ಒಂದು ಮಾತಿನ ಬಗ್ಗೆ. ಪ್ರೀತಿಯಿಂದಲೇ ಹೇಳಿದ ಮಾತು, ಆದರೆ ತಪ್ಪು ಮಾತು. ನಮ್ಮ ಹಳ್ಳಿಗಳಲ್ಲಿ ಕೈಕಾಲು ಮುರಿಯುವುದಕ್ಕೂ ಜೀವ ಹೋಗುವುದಕ್ಕೂ ಈ ಮಾತಿನ ಪಾಲು ಇದೆ ಅಂತ ನಾವು ನಂಬಿದ್ದೇವೆ.

ರಸ್ತೆ ಮೇಲಿನ ಕಪ್ಪು ಗೆರೆ

ನಮ್ಮ ಗೆಳೆಯನೊಬ್ಬ ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕುತ್ತಾನೆ. ಹತ್ತು ವರ್ಷದಿಂದ ಬೈಕ್ ಓಡಿಸಿದವನು, ಕುಡಿದು ಓಡಿಸುವವನಲ್ಲ, ಹುಚ್ಚು ಸ್ಪೀಡಿನವನೂ ಅಲ್ಲ. ಒಂದು ಬೆಳಿಗ್ಗೆ ಕ್ಯಾನ್ ಕಟ್ಟಿಕೊಂಡು ಹೋಗುವಾಗ ಬೇಲಿ ಸಂದಿಯಿಂದ ಕರು ನುಗ್ಗಿತು. ಅವನು ಬಲಗಾಲಿನಲ್ಲಿ ಬ್ರೇಕನ್ನು ಬಲವಾಗಿ ತುಳಿದ. ಹಿಂದಿನ ಚಕ್ರ ತಿರುಗುವುದು ನಿಂತಿತು, ಬೈಕು ನಿಲ್ಲಲಿಲ್ಲ. ಜಾರುತ್ತಾ ಹೋಗಿ, ಅಡ್ಡ ತಿರುಗಿ, ಕರುವಿಗೆ ತಾಗಿ ಬಿತ್ತು. ಹಾಲು ಚೆಲ್ಲಿತು, ಅವನ ಭುಜದ ಮೂಳೆ ಮುರಿಯಿತು. ಕರು ಬದುಕಿತು, ಅವನೂ ಬದುಕಿದ. ಮೂರು ತಿಂಗಳು ಮನೆಯವರೇ ಹಾಲು ಹೊತ್ತರು.

ಮಾರನೇ ದಿನ ನಾವು ಆ ಜಾಗ ನೋಡಲು ಹೋದೆವು. ಟಾರಿನ ಮೇಲೆ ಟೈರಿನ ಒಂದೇ ಒಂದು ಕಪ್ಪು ಗೆರೆ, ಉದ್ದಕ್ಕೆ, ಕೊನೆಯಲ್ಲಿ ಸೊಟ್ಟಗೆ. ಹಿಂದಿನ ಚಕ್ರದ ಗೆರೆ ಅದು. ಆಮೇಲೆ ಅವನ ಬೈಕು ನೋಡಿದೆವು. ಮುಂದಿನ ಬ್ರೇಕಿನ ಲಿವರ್ ಹಿಡಿದರೆ ಹ್ಯಾಂಡಲ್ಲಿಗೇ ಬಂದು ತಾಗುತ್ತಿತ್ತು. ಕೇಬಲ್ ಸಡಿಲವಾಗಿ, ತುಕ್ಕು ಹಿಡಿದು ಎಷ್ಟು ಕಾಲವಾಗಿತ್ತೋ. 'ಅದನ್ನ ನಾನು ಮುಟ್ಟೋದೇ ಇಲ್ವಲ್ಲ, ಸರಿ ಇದೆಯೋ ಇಲ್ವೋ ಹೆಂಗೆ ಗೊತ್ತಾಗ್ಬೇಕು?' ಅಂದ.

ಅವನು ಹೇಳಿದ್ದು ನಿಜ. ಹತ್ತು ವರ್ಷ ಅವನು ಅರ್ಧ ಬ್ರೇಕಿನಲ್ಲಿ ಬೈಕ್ ಓಡಿಸಿದ್ದ. ಆ ವಾರ ನಮ್ಮೂರಿನ ಅರಳಿಕಟ್ಟೆ ಹತ್ತಿರ ನಿಂತಿದ್ದ ಬೈಕುಗಳ ಮುಂದಿನ ಲಿವರನ್ನು ಸುಮ್ಮನೆ ಒತ್ತಿ ನೋಡಿದೆವು. ಸಡಿಲ ಇದ್ದದ್ದು ಅವನದೊಂದೇ ಅಲ್ಲ.

ಬಸ್ಸಿನಲ್ಲಿ ನಿಂತವರಿಗೆ ಗೊತ್ತಿರುವ ವಿಜ್ಞಾನ

ಮುಂದಿನ ಬ್ರೇಕ್ ಯಾಕೆ ಮುಖ್ಯ? ಇದಕ್ಕೆ ಪುಸ್ತಕ ಬೇಡ. ತುಂಬಿದ ಬಸ್ಸಿನಲ್ಲಿ ನಿಂತು ಹೋದವರಿಗೆಲ್ಲ ಗೊತ್ತು. ಡ್ರೈವರ್ ಬ್ರೇಕ್ ಹಾಕಿದ ಕೂಡಲೇ ಎಲ್ಲರೂ ಮುಂದಕ್ಕೆ ವಾಲುತ್ತೇವೆ. ಬೈಕಿನಲ್ಲೂ ಅದೇ. ಬ್ರೇಕ್ ಹಾಕಿದಾಗ ಬೈಕಿನ ಭಾರ, ನಮ್ಮ ಭಾರ ಎಲ್ಲ ಮುಂದಿನ ಚಕ್ರದ ಮೇಲೆ ಬರುತ್ತದೆ. ಮುಂದಿನ ಟೈರು ನೆಲಕ್ಕೆ ಬಲವಾಗಿ ಒತ್ತಿಕೊಳ್ಳುತ್ತದೆ, ಹಿಂದಿನದು ಹಗುರಾಗುತ್ತದೆ.

ನೆಲಕ್ಕೆ ಒತ್ತಿಕೊಂಡ ಟೈರಿಗೆ ಹಿಡಿತ ಜಾಸ್ತಿ. ಹಗುರಾದ ಟೈರಿಗೆ ಹಿಡಿತ ಕಡಿಮೆ, ಅದು ಬೇಗ ಲಾಕ್ ಆಗಿ ಜಾರುತ್ತದೆ. ಹಾಗಾಗಿ ಒಣಗಿದ ಒಳ್ಳೇ ರಸ್ತೆಯಲ್ಲಿ ಬೈಕನ್ನು ನಿಲ್ಲಿಸುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಮುಂದಿನ ಚಕ್ರದ್ದೇ. ಅನುಮಾನ ಇದ್ದರೆ ಡಿಸ್ಕ್ ಬ್ರೇಕಿನ ಬೈಕುಗಳನ್ನು ನೋಡಿ. ಒಂದೇ ಡಿಸ್ಕ್ ಇರುವ ಬೈಕಿನಲ್ಲಿ ಅದು ಇರುವುದು ಮುಂದಿನ ಚಕ್ರದಲ್ಲಿ. ಬೈಕ್ ಮಾಡುವವರು ಒಳ್ಳೇ ಬ್ರೇಕನ್ನು ಮುಂದೆಯೇ ಹಾಕುತ್ತಾರೆ. ನಾವು ಅದನ್ನೇ ಮುಟ್ಟಬೇಡ ಅನ್ನುತ್ತೇವೆ.

ಸರಕಾರವೂ ಇದರ ಬಗ್ಗೆ ಯೋಚಿಸಿದೆ. 2019ರ ಏಪ್ರಿಲ್ 1ರಿಂದ ಹೊಸ ಬೈಕುಗಳಲ್ಲಿ 125 ಸಿಸಿಗಿಂತ ಮೇಲಿನವಕ್ಕೆ ಎಬಿಎಸ್, 125 ಸಿಸಿವರೆಗಿನವಕ್ಕೆ ಎಬಿಎಸ್ ಅಥವಾ ಸಿಬಿಎಸ್ ಕಡ್ಡಾಯವಾಯಿತು. ಎಬಿಎಸ್ ಅಂದರೆ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಏರ್ಪಾಡು. ಸಿಬಿಎಸ್ ಅಂದರೆ ಹಿಂದಿನ ಬ್ರೇಕ್ ಹಾಕಿದಾಗ ಮುಂದಿನದೂ ಸ್ವಲ್ಪ ಹಿಡಿಯುವ ಏರ್ಪಾಡು. ಆದರೆ ಸಿಬಿಎಸ್ಸಿನಲ್ಲಿ ಮುಂದೆ ಹಿಡಿಯುವುದು ಸ್ವಲ್ಪವೇ, ಪೂರ್ತಿ ಬಲಕ್ಕೆ ಕೈ ಬೇಕೇ ಬೇಕು. ಅದಕ್ಕಿಂತ ಹಳೆಯ ಬೈಕುಗಳು ನಮ್ಮ ಊರುಗಳಲ್ಲಿ ಎಷ್ಟು ಓಡುತ್ತಿವೆ ಅನ್ನುವುದು ನಿಮಗೂ ಗೊತ್ತು. ಅವುಗಳಲ್ಲಿ ಹೆಚ್ಚಿನವಕ್ಕೆ ಈ ಯಾವ ಏರ್ಪಾಡೂ ಇಲ್ಲ.

ಹಾಗಾದರೆ ಹಿರಿಯರ ಭಯ ಎಲ್ಲಿಂದ ಬಂತು? ಸೈಕಲ್ಲಿನಿಂದ ಅಂತ ನಮ್ಮ ಊಹೆ. ಸೈಕಲ್ ಹಗುರ, ಕೂತವರ ಭಾರವೇ ಜಾಸ್ತಿ, ಅದೂ ಎತ್ತರದಲ್ಲಿ. ಇಳಿಜಾರಿನಲ್ಲಿ ಮುಂದಿನ ಬ್ರೇಕನ್ನು ಗಕ್ಕನೆ ಹಿಡಿದರೆ ಹ್ಯಾಂಡಲ್ ಮೇಲಿಂದ ಹಾರಿ ಬೀಳುವುದು ನಿಜ. ಬಿದ್ದವರು ನಮ್ಮಲ್ಲೂ ಇದ್ದೇವೆ. ಬೈಕು ಉದ್ದ, ನೂರು ಕೆಜಿಗೂ ಮೇಲೆ ಭಾರ. ಅದರ ಲೆಕ್ಕ ಬೇರೆ.

ಆದರೂ ಭಯ ಪೂರ್ತಿ ಸುಳ್ಳಲ್ಲ. ಬೈಕಿನ ಮುಂದಿನ ಬ್ರೇಕನ್ನು ಗಕ್ಕನೆ ಹಿಡಿದರೆ, ಹ್ಯಾಂಡಲ್ ತಿರುಗಿಸಿಕೊಂಡೇ ಹಿಡಿದರೆ, ಮರಳು-ಕೆಸರಿನ ಮೇಲೆ ಹಿಡಿದರೆ ಮುಂದಿನ ಚಕ್ರ ಜಾರಿ ಬೀಳಿಸುತ್ತದೆ. ಅದಕ್ಕೇ ಅದನ್ನು ಕಲಿಯಬೇಕು. ಮಗು ಬಿದ್ದೀತು ಅಂತ ನಡೆಯುವುದನ್ನು ಯಾರೂ ತಪ್ಪಿಸುವುದಿಲ್ಲವಲ್ಲ.

ಒಂದು ಕೈಗೆ ಎರಡು ಕೆಲಸ

ಬೈಕಿನ ಕಷ್ಟ ಇರುವುದು ಬಲಗೈಯಲ್ಲಿ. ರೇಸ್ ಕೊಡುವುದೂ ಅದೇ ಕೈ, ಮುಂದಿನ ಬ್ರೇಕ್ ಹಿಡಿಯುವುದೂ ಅದೇ ಕೈ. ಹೋಗು ಅನ್ನುವುದೂ ನಿಲ್ಲು ಅನ್ನುವುದೂ ಒಂದೇ ಮುಷ್ಟಿಯಲ್ಲಿ. ಕಲಿಯುವವರು ಎಡವುವುದು ಇಲ್ಲೇ.

ಹೊಸಬರ ಬೈಕು ಎಗರಿದ್ದನ್ನು ನೀವು ನೋಡಿರುತ್ತೀರಿ. ಕ್ಲಚ್ ಪಟ್ಟನೆ ಬಿಡುತ್ತಾರೆ, ಬೈಕು ಮುಂದಕ್ಕೆ ಹಾರುತ್ತದೆ, ಮೈ ಹಿಂದಕ್ಕೆ ಹೋಗುತ್ತದೆ. ಮೈ ಹಿಂದೆ ಹೋದಾಗ ಮುಷ್ಟಿ ಬಿಗಿಯಾಗಿ ರೇಸ್ ಇನ್ನಷ್ಟು ತಿರುಗುತ್ತದೆ. ಬೈಕು ಇನ್ನೂ ಜೋರಾಗಿ ಓಡುತ್ತದೆ. ಹೆದರಿ ಬ್ರೇಕ್ ಲಿವರಿಗೆ ಬೆರಳು ಚಾಚಿದರೂ ಅಂಗೈ ರೇಸನ್ನು ಬಿಟ್ಟಿರುವುದಿಲ್ಲ. ಗೋಡೆಯೋ ಬೇಲಿಯೋ ತಿಪ್ಪೆಯೋ, ಹೋಗಿ ನಿಲ್ಲುವುದು ಅಲ್ಲೇ.

ಹಾಗಾದಾಗ ಉಳಿಸುವುದು ಎಡಗೈ. ಬೈಕು ಕೈಮೀರಿತು ಅನ್ನಿಸಿದರೆ ಕ್ಲಚ್ ಪೂರ್ತಿ ಹಿಡಿಯಿರಿ. ಎಂಜಿನ್ ಎಷ್ಟು ಕೂಗಿದರೂ ಚಕ್ರಕ್ಕೆ ಅದರ ಬಲ ಹೋಗುವುದಿಲ್ಲ. ಮೊದಲ ದಿನ, ಎಂಜಿನ್ ಸ್ಟಾರ್ಟ್ ಮಾಡುವ ಮೊದಲೇ ಇದನ್ನು ಹೇಳಿಕೊಡಬೇಕು.

ಇನ್ನೊಂದು ಸಣ್ಣ ವಿಷಯ, ಮಣಿಕಟ್ಟಿನದು. ರೇಸ್ ಮುಚ್ಚಿರುವಾಗಲೇ ಮಣಿಕಟ್ಟು ಮೇಲಕ್ಕೆ ಎದ್ದಂತೆ ಹಿಡಿದು ಕೂತರೆ, ಮೈ ಅಲುಗಿದಾಗೆಲ್ಲ ಕೈ ಕೆಳಗಿಳಿದು ರೇಸ್ ತೆರೆಯುತ್ತದೆ. ಮಣಿಕಟ್ಟು ಮಟ್ಟಸವಾಗಿ ಇರುವಂತೆ ಹಿಡಿಯಿರಿ. ಆಗ ಬೆರಳು ಬ್ರೇಕಿಗೆ ಹೋದಾಗ ಕೈ ಮುಂದಕ್ಕೇ ಉರುಳಿ ರೇಸ್ ತಾನಾಗಿ ಮುಚ್ಚುತ್ತದೆ.

ನಿಲ್ಲಿಸುವ ಕ್ರಮ ಹೀಗೆ.

ಮೊದಲು ರೇಸ್ ಪೂರ್ತಿ ಮುಚ್ಚಿ. ಗೇರಿನಲ್ಲಿರುವ ಎಂಜಿನ್ನೇ ಬೈಕನ್ನು ಹಿಂದಕ್ಕೆ ಎಳೆಯಲು ಶುರು ಮಾಡುತ್ತದೆ. ಅದೇ ಮೊದಲನೇ ಬ್ರೇಕು.

ಆಮೇಲೆ ಮುಂದಿನದು, ಹಿಂದಿನದು ಎರಡೂ ಒಟ್ಟಿಗೆ. ಮುಂದಿನದನ್ನು ಹಸುವಿನ ಹಾಲು ಕರೆಯುವ ಹಾಗೆ ಹಿಂಡಬೇಕು. ಕೆಚ್ಚಲಿಗೆ ಕೈ ಹಾಕಿದ ತಕ್ಷಣ ಯಾರಾದರೂ ಜಗ್ಗಿ ಎಳೆಯುತ್ತಾರಾ? ಒದೆಸಿಕೊಳ್ಳುತ್ತಾರೆ ಅಷ್ಟೆ. ಮೊದಲು ಮೆತ್ತಗೆ, ಆಮೇಲೆ ಬಿಗಿಯಾಗಿ. ಬ್ರೇಕೂ ಹಾಗೇ. ಮೊದಲ ಹಿಡಿತಕ್ಕೆ ಭಾರ ಮುಂದೆ ಬರುತ್ತದೆ, ಟೈರು ನೆಲ ಕಚ್ಚುತ್ತದೆ. ಆಮೇಲೆ ಎಷ್ಟು ಬೇಕೋ ಅಷ್ಟು ಒತ್ತಿ.

ಕೊನೆಗೆ, ಬೈಕು ನಿಲ್ಲುವ ಹೊತ್ತಿಗೆ, ಎಂಜಿನ್ ಗಡಗಡ ಅನ್ನುವ ಮೊದಲು ಕ್ಲಚ್.

ನಾವು ಮಾಡುವುದು ಇದರ ಉಲ್ಟಾ. ಏನೇ ಅಡ್ಡ ಬರಲಿ, ಮೊದಲು ಕ್ಲಚ್ ಹಿಡಿಯುತ್ತೇವೆ. ಕ್ಲಚ್ ಹಿಡಿದ ಕೂಡಲೇ ಎಂಜಿನ್ನಿನ ಎಳೆತ ಹೋಗುತ್ತದೆ, ಬೈಕು ಬಿಟ್ಟ ಬಾಣದ ಹಾಗೆ ಉರುಳುತ್ತದೆ. ತುರ್ತಿನಲ್ಲಿ ಬ್ರೇಕಿನ ಜೊತೆಗೇ ಕ್ಲಚ್ ಹಿಡಿದರೆ ತಪ್ಪಿಲ್ಲ. ಬ್ರೇಕಿಗಿಂತ ಮೊದಲು ಹಿಡಿಯುವ ಅಭ್ಯಾಸ ತಪ್ಪು.

ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸುತ್ತೇವೆ ಅಂತ ನ್ಯೂಟ್ರಲ್ ಮಾಡಿ ಬಿಡುವವರಿದ್ದಾರೆ. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಉದ್ದಕ್ಕೂ ಬರೀ ಬ್ರೇಕಿನ ಮೇಲೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಉಳಿದ ಪೆಟ್ರೋಲಿನ ದುಡ್ಡು ಬ್ಯಾಂಡೇಜಿಗೂ ಸಾಲದು. ಎರಡನೇ ಗೇರಿನಲ್ಲಿ ಇಳಿಯಿರಿ, ಎಂಜಿನ್ನೇ ಹಿಡಿದುಕೊಳ್ಳುತ್ತದೆ.

ಸ್ಕೂಟರಿನಿಂದ ಬೈಕಿಗೆ ಬಂದವರು

ಇದನ್ನು ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ಈಗ ಮನೆ ಮನೆಯಲ್ಲಿ ಎರಡೂ ಇವೆ. ಸ್ಕೂಟರಿನಲ್ಲಿ, ಟಿವಿಎಸ್ ಎಕ್ಸೆಲ್ಲಿನಲ್ಲಿ ಎಡಗೈ ಲಿವರ್ ಅಂದರೆ ಬ್ರೇಕು. ಬೈಕಿನಲ್ಲಿ ಎಡಗೈ ಲಿವರ್ ಅಂದರೆ ಕ್ಲಚ್.

ಎಕ್ಸೆಲ್ಲಿನಲ್ಲಿ ಗೊಬ್ಬರದ ಚೀಲ ಹೊತ್ತು ವರ್ಷಗಟ್ಟಲೆ ಓಡಿಸಿದವರು ಒಂದು ದಿನ ಬೈಕ್ ಹತ್ತುತ್ತಾರೆ. ಎಲ್ಲ ಸರಿಯಾಗಿಯೇ ಇರುತ್ತದೆ, ಏನೋ ಅಡ್ಡ ಬರುವವರೆಗೆ. ಅಡ್ಡ ಬಂದಾಗ ತಲೆ ಯೋಚಿಸುವುದಿಲ್ಲ, ಕೈ ತನಗೆ ಗೊತ್ತಿದ್ದನ್ನು ಮಾಡುತ್ತದೆ. ಎಡಗೈ ಬಲವಾಗಿ ಹಿಡಿಯುತ್ತದೆ. ಬೈಕು ನಿಲ್ಲುವ ಬದಲು ಇನ್ನೂ ಸಲೀಸಾಗಿ ಉರುಳುತ್ತದೆ.

ಬೈಕಿನಿಂದ ಸ್ಕೂಟರಿಗೆ ಹೋದವರಿಗೆ ಇನ್ನೊಂದು ತೊಂದರೆ. ಬಲಗಾಲು ಇಲ್ಲದ ಪೆಡಲ್ ಹುಡುಕುತ್ತದೆ. ಗಾಡಿ ಬದಲಾದಾಗೆಲ್ಲ ಹೊರಡುವ ಮೊದಲು ನಿಂತಲ್ಲೇ ನಾಲ್ಕು ಸಲ ಬ್ರೇಕ್ ಹಿಡಿದು ಬಿಡಿ. ಕೈಕಾಲಿಗೆ ನೆನಪಾಗಲಿ. ಅರ್ಧ ನಿಮಿಷದ ಕೆಲಸ.

ಇಲ್ಲೂ ನೋಡಿ, ಎರಡು ಗಾಡಿಗೂ ಸಮಾನವಾಗಿರುವುದು ಬಲಗೈಯ ಮುಂದಿನ ಬ್ರೇಕ್ ಒಂದೇ. ಅದನ್ನೊಂದನ್ನು ಸರಿಯಾಗಿ ಕಲಿತರೆ ಯಾವ ಗಾಡಿ ಹತ್ತಿದರೂ ಅದು ಕೈಯಲ್ಲೇ ಇರುತ್ತದೆ.

ನಮ್ಮ ರಸ್ತೆಗೆ ನಮ್ಮ ಪಾಠ

ಒಳ್ಳೇ ರಸ್ತೆಯ ನಿಯಮ ಹೇಳಿದೆವು. ನಮ್ಮ ರಸ್ತೆ ವರ್ಷಪೂರ್ತಿ ಒಳ್ಳೇ ರಸ್ತೆಯಲ್ಲ.

ಸುಗ್ಗಿಯಲ್ಲಿ ಅದು ಕಣ. ಹಳೇ ಮೈಸೂರು ಕಡೆ ರಾಗಿ ತೆನೆ, ಹುರುಳಿ ಬಳ್ಳಿ ಹಾಸಿರುತ್ತಾರೆ. ಹಾವೇರಿ ಕಡೆ ಮೆಕ್ಕೆಜೋಳ ಹರವಿರುತ್ತಾರೆ. ಒಣಗಿದ ಹುಲ್ಲಿನ ಮೇಲೆ, ಕಾಳಿನ ಮೇಲೆ ಟೈರಿಗೆ ನೆಲವೇ ಸಿಗುವುದಿಲ್ಲ. ಗದ್ದೆ ಕೆಸರು ಮಾಡುವ ಕಾಲದಲ್ಲಿ ಟ್ರ್ಯಾಕ್ಟರ್ ಚಕ್ರದ ಮಣ್ಣು ಟಾರಿನ ಮೇಲೆ ಬಿದ್ದಿರುತ್ತದೆ, ಒಂದು ಹನಿ ಮಳೆ ಬಂದರೆ ಸಾಬೂನು. ಬೇಸಿಗೆ ಮುಗಿದು ಮೊದಲ ಮಳೆ ಬಿದ್ದಾಗ ರಸ್ತೆಯ ಎಣ್ಣೆ-ಧೂಳು ಮೇಲೆದ್ದು ಜಾರುತ್ತದೆ.

ಇಂಥ ಕಡೆ ಬ್ರೇಕಿನ ಕೆಲಸ ಅಲ್ಲಿಗೆ ತಲುಪುವ ಮೊದಲೇ ಮುಗಿದಿರಬೇಕು. ದೂರದಿಂದ ಕಂಡ ಕೂಡಲೇ, ರಸ್ತೆ ಇನ್ನೂ ಒಣಗಿರುವಾಗಲೇ ವೇಗ ಇಳಿಸಿ. ಜಾರುವ ಜಾಗದ ಮೇಲೆ ಹ್ಯಾಂಡಲ್ ನೆಟ್ಟಗೆ, ಗೇರ್ ಕೆಳಗಿನದು, ರೇಸ್ ಒಂದೇ ಸಮ. ಕೊಡುವುದೂ ಬೇಡ, ಪಟ್ಟನೆ ಬಿಡುವುದೂ ಬೇಡ. ಅಲ್ಲಿ ನಿಲ್ಲಿಸಲೇಬೇಕಾದರೆ ಹಿಂದಿನ ಬ್ರೇಕನ್ನು ಮೆತ್ತಗೆ, ಮುಂದಿನದನ್ನು ಅದಕ್ಕಿಂತ ಮೆತ್ತಗೆ. ಹಿಂದಿನ ಚಕ್ರ ಜಾರಿದರೆ ಹ್ಯಾಂಡಲ್ ನೆಟ್ಟಗಿಟ್ಟುಕೊಂಡು ಕಾಲನ್ನು ಸ್ವಲ್ಪ ಸಡಿಲಿಸಿ. ಮುಂದಿನದು ಜಾರಿತು ಅನ್ನಿಸಿದರೆ ಆ ಕ್ಷಣವೇ ಬಿಟ್ಟು ಮತ್ತೆ ಹಿಂಡಿ.

ಸಂತೆಯ ಗದ್ದಲ, ಜಾತ್ರೆಯ ಜನ, ಕುರಿಮಂದೆ. ಇಲ್ಲಿ ಬೇಕಾಗುವುದು ಇನ್ನೊಂದು ಹೊಂದಾಣಿಕೆ. ಕ್ಲಚ್ ಅರ್ಧ ಬಿಟ್ಟು, ರೇಸ್ ಒಂಚೂರು ಕೊಟ್ಟು, ಹಿಂದಿನ ಬ್ರೇಕಿನ ಮೇಲೆ ಕಾಲು ಹಗುರಾಗಿ ಒತ್ತಿಟ್ಟುಕೊಳ್ಳಿ. ಬೈಕು ನಡೆಯುವ ವೇಗದಲ್ಲಿ ಅಲ್ಲಾಡದೆ ಸಾಗುತ್ತದೆ. ಎರಡೂ ಕಾಲು ಕೆಳಗೆ ಬಿಟ್ಟು ಒದ್ದಾಡುವ ಅಗತ್ಯವೇ ಬರುವುದಿಲ್ಲ. ಕಾಲು ಕೆಳಗಿದ್ದರೆ ಬ್ರೇಕಿನ ಮೇಲೆ ಯಾರಿರುತ್ತಾರೆ?

ರಾತ್ರಿ ಹೊತ್ತು ಕಬ್ಬಿನ ಟ್ರ್ಯಾಕ್ಟರ್. ಮಂಡ್ಯದವರಿಗೂ ಬೆಳಗಾವಿಯವರಿಗೂ ವಿವರಿಸಬೇಕಿಲ್ಲ. ಹಿಂದೆ ದೀಪವಿಲ್ಲದ ಎರಡು ಟ್ರೇಲರ್. ಅದು ಕಾಣುವುದು ನಮ್ಮ ಹೆಡ್‌ಲೈಟ್ ಬೆಳಕಿಗೆ ಬಂದ ಮೇಲೆಯೇ. ಆಗ ನಿಲ್ಲಿಸಲು ಎಷ್ಟು ಜಾಗ ಬೇಕು?

ಸರಳ ಲೆಕ್ಕ ಹಾಕೋಣ. ಕಂಡದ್ದು ತಲೆಗೆ ಹೋಗಿ ಕೈ ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಅಂತ ಇಟ್ಟುಕೊಳ್ಳಿ. ಎರಡೂ ಬ್ರೇಕ್ ಹದವಾಗಿ ಹಿಡಿದಿರಿ, ರಸ್ತೆ ಒಣಗಿದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಸುಮಾರು 9 ಮೀಟರ್ ಬೇಕು. 40ರಲ್ಲಿ ಸುಮಾರು 23 ಮೀಟರ್. 60ರಲ್ಲಿ ಸುಮಾರು 45 ಮೀಟರ್. ವೇಗ 40ರಿಂದ 60ಕ್ಕೆ ಹೋದರೆ ಅರ್ಧದಷ್ಟು ಹೆಚ್ಚಾಯಿತು, ಬೇಕಾದ ಜಾಗ ಹೆಚ್ಚುಕಡಿಮೆ ಎರಡರಷ್ಟಾಯಿತು. ಇದು ಎರಡೂ ಬ್ರೇಕಿನ ಲೆಕ್ಕ. ಬರೀ ಹಿಂದಿನ ಬ್ರೇಕಿನಲ್ಲಿ ಇದಕ್ಕಿಂತ ಬಹಳ ಹೆಚ್ಚು. ಹಿಂದೆ ಹುಲ್ಲಿನ ಹೊರೆಯೋ ಗ್ಯಾಸ್ ಸಿಲಿಂಡರೋ ಇದ್ದರೆ ಇನ್ನೂ ಹೆಚ್ಚು ಅಂತಲೇ ಲೆಕ್ಕ ಇಟ್ಟುಕೊಳ್ಳಿ.

'ನಾವೆಲ್ಲ ಹಂಗೇ ಕಲಿತದ್ದು'

ಈ ಮಾತು ಬರುತ್ತದೆ ಅಂತ ನಮಗೆ ಗೊತ್ತು. 'ನಾವು ಮೂವತ್ತು ವರ್ಷದಿಂದ ಹಿಂದಿನ ಬ್ರೇಕಲ್ಲೇ ಓಡ್ಸಿದೀವಿ, ಏನಾಗಿದೆ?'

ಮೂವತ್ತು ವರ್ಷದ ಹಿಂದೆ ಊರಿಗೆ ಇದ್ದದ್ದು ಮಣ್ಣಿನ ರಸ್ತೆ. ಗುಂಡಿಯ ಮೇಲೆ 25-30ಕ್ಕಿಂತ ಜೋರು ಹೋಗಲು ಆಗುತ್ತಲೇ ಇರಲಿಲ್ಲ. ಸಡಿಲ ಮಣ್ಣಿನ ಮೇಲೆ, ಆ ವೇಗದಲ್ಲಿ, ಹಿಂದಿನ ಬ್ರೇಕನ್ನೇ ನಂಬಿದ್ದರಲ್ಲಿ ಅರ್ಥವೂ ಇತ್ತು. 2000ನೇ ಇಸವಿಯಲ್ಲಿ ಗ್ರಾಮ ಸಡಕ್ ಯೋಜನೆ ಶುರುವಾಯಿತು. ಒಂದೊಂದಾಗಿ ಊರುಗಳಿಗೆ ಟಾರು ಬಂತು. ಬೈಕೂ ಬದಲಾಯಿತು, ವೇಗವೂ ಬದಲಾಯಿತು. ಎದುರಿಗೆ ಬರುವ ವಾಹನಗಳ ಲೆಕ್ಕವೂ ಬದಲಾಯಿತು. ಬದಲಾಗದೇ ಉಳಿದದ್ದು ಪಾಠ ಮಾತ್ರ. ಮಣ್ಣಿನ ರಸ್ತೆಯ ಪಾಠದಲ್ಲಿ ಟಾರಿನ ರಸ್ತೆ ಓಡಿಸುತ್ತಿದ್ದೇವೆ.

ಇನ್ನೊಂದು. 'ನಮಗೇನೂ ಆಗಿಲ್ಲ' ಅನ್ನಲು ಉಳಿದವರು ಮಾತ್ರ ಇದ್ದಾರೆ. ಆದವರು ಬಂದು ಹೇಳುವುದಿಲ್ಲ. ಕೇಂದ್ರ ಸಾರಿಗೆ ಇಲಾಖೆಯ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಎಲ್ಲರೂ ಬ್ರೇಕ್ ಗೊತ್ತಿಲ್ಲದೇ ಸತ್ತರು ಅಂತ ನಾವು ಹೇಳುವುದಿಲ್ಲ. ಹೆಲ್ಮೆಟ್ ಇಲ್ಲದ್ದು, ಕುಡಿತ, ಲಾರಿಯವರ ತಪ್ಪು, ರಸ್ತೆಯ ತಪ್ಪು ಎಲ್ಲ ಇದೆ. ಆದರೆ ಎದುರಿನವರ ತಪ್ಪಿನಿಂದ ತಪ್ಪಿಸಿಕೊಳ್ಳಲು ನಮ್ಮ ಕೈಯಲ್ಲಿ ಇರುವುದೂ ಬ್ರೇಕೇ.

ಲೈಸೆನ್ಸ್ ಪರೀಕ್ಷೆ ಇದನ್ನು ನೋಡಿಕೊಳ್ಳಬೇಕಿತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮದಲ್ಲಿ, ತುರ್ತಿನಲ್ಲಿ ವಾಹನ ನಿಲ್ಲಿಸಲು ಬರುತ್ತದೆಯೇ ಅನ್ನುವುದೂ ಪರೀಕ್ಷೆಯ ಭಾಗವೇ. ನಮ್ಮಲ್ಲಿ ಯಾರಿಗೂ ಅದನ್ನು ಮಾಡಿಸಲಿಲ್ಲ. ಎಂಟರ ಆಕಾರದಲ್ಲಿ ಒಂದು ಸುತ್ತು, ಕಾಲು ಕೆಳಗಿಡದಿದ್ದರೆ ಪಾಸು. ಒಬ್ಬರಿಗೆ ಆ ಸುತ್ತೂ ಪೂರ್ತಿ ಆಗಲಿಲ್ಲ, 'ಸಾಕು ಬಾ' ಅಂದರು. ಓಡಿಸುವುದನ್ನು ನೋಡಿದರು, ನಿಲ್ಲಿಸುವುದನ್ನು ನೋಡಲಿಲ್ಲ. ಪರೀಕ್ಷೆಯಲ್ಲಿ 30ರ ವೇಗದಿಂದ ಒಂದು ಗೆರೆಯೊಳಗೆ ನಿಲ್ಲಿಸಿ ತೋರಿಸು ಅಂತ ಕೇಳಿದರೆ ಸಾಕು, ಊರೂರಲ್ಲಿ ಪಾಠ ಬದಲಾಗುತ್ತದೆ. ಪರೀಕ್ಷೆಯಲ್ಲಿ ಬರುವುದನ್ನೇ ಕಲಿಸುವುದು ನಮ್ಮ ಅಭ್ಯಾಸ ತಾನೇ.

ಇನ್ನು ಚಿಕ್ಕ ಹುಡುಗರ ವಿಷಯ. ಒಂಬತ್ತನೇ ಕ್ಲಾಸಿನ ಮಗ ಬೈಕ್ ಓಡಿಸಿದರೆ ಅಪ್ಪನಿಗೆ ಹೆಮ್ಮೆ. ಗೇರ್ ಇರುವ ಬೈಕಿಗೆ 18 ತುಂಬಿರಬೇಕು. 2019ರ ತಿದ್ದುಪಡಿಯ ಪ್ರಕಾರ, ವಯಸ್ಸಾಗದವರು ಓಡಿಸಿ ಸಿಕ್ಕರೆ ಪೋಷಕರಿಗೋ ಗಾಡಿ ಮಾಲೀಕರಿಗೋ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಕಾನೂನು ಬದಿಗಿಡಿ. ಕಾಲು ನೆಲಕ್ಕೆ ಸರಿಯಾಗಿ ತಾಗದ, ಬೆರಳು ಲಿವರಿಗೆ ಪೂರ್ತಿ ಸುತ್ತದ ಹುಡುಗನಿಗೆ ನಾವು ಹೇಳಿದ ಯಾವುದನ್ನೂ ಮಾಡಲು ಆಗುವುದಿಲ್ಲ. ಅವನಿಗೆ ಕೀಲಿ ಕೊಡಬೇಡಿ. ಅಷ್ಟೇ.

ಎರಡು ಭಾನುವಾರ ಸಾಕು

ಇಲಾಖೆ ಬದಲಾಗುವವರೆಗೆ ಕಾಯಬೇಕಿಲ್ಲ. ಊರಿನ ಯುವಕ ಸಂಘ, ಒಬ್ಬ ಅನುಭವಿ ಸವಾರ, ಒಬ್ಬ ಮೆಕ್ಯಾನಿಕ್ ಸೇರಿದರೆ ಆಯಿತು. ಮರಳಿಲ್ಲದ ಗಟ್ಟಿ ನೆಲ ಬೇಕು, ಸಿಮೆಂಟ್ ಕಣ ಇದ್ದರೆ ಇನ್ನೂ ಒಳ್ಳೆಯದು. ಹೆಲ್ಮೆಟ್, ಶೂ, ಪೂರ್ತಿ ತೋಳಿನ ಅಂಗಿ, ಪ್ಯಾಂಟು. ಹುಡುಗರ ಜೊತೆ ಹುಡುಗಿಯರೂ ಬರಲಿ, ಸ್ಕೂಟರ್ ಓಡಿಸುವ ಅಕ್ಕಂದಿರೂ ಬರಲಿ.

ಮೊದಲ ಪಾಠ, ಎಂಜಿನ್ ಆಫ್, ನ್ಯೂಟ್ರಲ್. ಹಿಂದಿನಿಂದ ಗೆಳೆಯ ನೂಕಲಿ, ಮುಂದಿನ ಬ್ರೇಕ್ ಒಂದರಲ್ಲೇ ನಿಲ್ಲಿಸಿ. ಹತ್ತು ಸಲ. ಮಗುಚುವುದಿಲ್ಲ ಅನ್ನುವುದು ಕೈಗೆ ಗೊತ್ತಾಗುತ್ತದೆ, ಭಯ ಅರ್ಧ ಅಲ್ಲೇ ಹೋಗುತ್ತದೆ.

ಎರಡನೇದು, ಮೊದಲ ಗೇರು, ನಡೆಯುವ ವೇಗ. ಹತ್ತು ಹೆಜ್ಜೆ ಹೋಗಿ ನಿಲ್ಲಿಸಿ, ಮತ್ತೆ ಹತ್ತು ಹೆಜ್ಜೆ. ಪ್ರತಿ ಸಲ ರೇಸ್ ಮುಚ್ಚಿದ ಮೇಲೆಯೇ ಬೆರಳು ಬ್ರೇಕಿಗೆ.

ಮೂರನೇದು, 20ರ ವೇಗ. ನೆಲದಲ್ಲಿ ಒಂದು ಸುಣ್ಣದ ಗೆರೆ. ಗೆರೆ ಮುಟ್ಟಿದಾಗ ಬ್ರೇಕ್. ಒಮ್ಮೆ ಬರೀ ಹಿಂದಿನದು, ನಿಂತಲ್ಲಿ ಒಂದು ಕಲ್ಲಿಡಿ. ಆಮೇಲೆ ಎರಡೂ ಒಟ್ಟಿಗೆ, ಇನ್ನೊಂದು ಕಲ್ಲು. ಎರಡು ಕಲ್ಲಿನ ನಡುವಿನ ಜಾಗವನ್ನು ಎಲ್ಲರೂ ನಡೆದು ನೋಡಲಿ. ಈ ಲೇಖನ ಓದದಿದ್ದರೂ ನಡೆಯುತ್ತದೆ, ಆ ಎರಡು ಕಲ್ಲು ನೋಡಿದರೆ ಸಾಕು.

ನಾಲ್ಕನೇದು, ಕ್ಲಚ್ ಅರ್ಧ, ರೇಸ್ ಒಂಚೂರು, ಹಿಂದಿನ ಬ್ರೇಕ್ ಹಗುರ. ಯಾರು ಎಲ್ಲರಿಗಿಂತ ನಿಧಾನವಾಗಿ, ಕಾಲು ಕೆಳಗಿಡದೆ ಆ ತುದಿ ಮುಟ್ಟುತ್ತಾರೆ ಅಂತ ಪಂದ್ಯ ಇಡಿ. ಊರ ಹಬ್ಬದಲ್ಲಿ ನಿಧಾನ ಸೈಕಲ್ ಪಂದ್ಯ ಇಡುವುದಿಲ್ಲವೇ, ಹಾಗೆ.

ನಮ್ಮ ಗೆಳೆಯ ಈಗ ಮತ್ತೆ ಡೇರಿಗೆ ಹೋಗುತ್ತಾನೆ. ಭುಜ ಚಳಿಗೆ ನೋಯುತ್ತದಂತೆ. ಮುಂದಿನ ಬ್ರೇಕಿನ ಕೇಬಲ್ ಹೊಸದು ಹಾಕಿಸಿದ್ದಾನೆ. ಹೊಸ ಅಭ್ಯಾಸ ಕೈಗೆ ಕೂರಲು ಅವನಿಗೆ ಎರಡು ತಿಂಗಳು ಹಿಡಿಯಿತು. 'ಮೊದಲೇ ಯಾರಾದ್ರೂ ಹೇಳಿದ್ರೆ ಎರಡು ದಿನದಲ್ಲಿ ಬರ್ತಿತ್ತು' ಅನ್ನುತ್ತಾನೆ.

ಇದನ್ನು ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ಮನೆ ಮುಂದೆ ನಿಂತಿರುವ ಬೈಕಿನ ಹತ್ತಿರ ಹೋಗಿ. ನ್ಯೂಟ್ರಲ್ ಮಾಡಿ, ಮುಂದಿನ ಬ್ರೇಕ್ ಹಿಡಿದು ಬೈಕನ್ನು ಮುಂದಕ್ಕೆ ನೂಕಿ. ಚಕ್ರ ಕದಲದಿದ್ದರೆ ಸರಿ. ಉರುಳಿದರೆ, ಅಥವಾ ಲಿವರ್ ಹ್ಯಾಂಡಲ್ಲಿಗೆ ತಾಗಿದರೆ, ನಾಳೆ ಬೆಳಿಗ್ಗೆ ಮೊದಲು ಮೆಕ್ಯಾನಿಕ್ ಹತ್ತಿರ ಹೋಗಿ. ಡೇರಿ, ಸಂತೆ, ಹೊಲ ಎಲ್ಲ ಆಮೇಲೆ.